ಮರ ಯಾರದು? ಕೊಡಗಿನ ತೋಟದೊಳಗಿನ ಕಾಡಿನ ಲೆಕ್ಕ

ವಿರಾಜಪೇಟೆಯಿಂದ ಸಿದ್ದಾಪುರದ ಕಡೆ ಮೊದಲ ಸಲ ಬಸ್ಸಲ್ಲಿ ಹೋಗುವವರು ಕಿಟಕಿಯಾಚೆ ನೋಡಿ ‘ಎಂಥಾ ಕಾಡು!’ ಅನ್ನುತ್ತಾರೆ. ಅವರು ನೋಡುತ್ತಿರುವುದು ಬಹುಪಾಲು ಕಾಡಲ್ಲ, ಕಾಫಿ ತೋಟ. ಮೇಲೆ ನಂದಿ, ಮತ್ತಿ, ಹಲಸು, ಅತ್ತಿ. ಅವುಗಳ ಕೆಳಗೆ ಹಾಲುವಾಣ. ಅದರ ಕೆಳಗೆ ಕಾಫಿ. ದೊಡ್ಡ ಮರಗಳ ಮೈತುಂಬ ಮೆಣಸಿನ ಬಳ್ಳಿ. ಕಾಡನ್ನು ಪೂರ್ತಿ ಕಡಿಯದೆ ಅದರ ನೆರಳಲ್ಲೇ ಬೆಳೆ ತೆಗೆಯುವ ಈ ಪದ್ಧತಿಯಿಂದಲೇ ಕೊಡಗು ಇವತ್ತಿಗೂ ಇಷ್ಟು ಹಸಿರಾಗಿ ಕಾಣುತ್ತದೆ.

ಹಾಗಾಗಿ ಕೊಡಗಿನಲ್ಲಿ ಹಸಿರು ಉಳಿಸುವುದು ಅರಣ್ಯ ಇಲಾಖೆಯೊಂದರ ಕೆಲಸವಲ್ಲ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯ ಕಾಡುಗಳನ್ನು ಇಲಾಖೆ ಕಾಯುತ್ತದೆ, ಸರಿ. ಉಳಿದ ಮರಗಳಲ್ಲಿ ದೊಡ್ಡ ಪಾಲು ಇರುವುದು ತೋಟದವರ ಬೇಲಿಯೊಳಗೆ. ಅದರಲ್ಲೂ ಹೆಚ್ಚಿನವರು ನಾಲ್ಕು, ಐದು, ಹತ್ತು ಎಕರೆಯ ಸಣ್ಣ ಬೆಳೆಗಾರರು. ಅವರಿಗೆ ಮರ ನಿಂತಿದ್ದರೆ ಲಾಭವೋ, ಬಿದ್ದರೆ ಲಾಭವೋ? ಕೊಡಗಿನ ಪರಿಸರದ ಬಗ್ಗೆ ಎಷ್ಟೇ ಮಾತಾಡಿದರೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲಬೇಕಾಗುತ್ತದೆ.

ನೆರಳಿನಿಂದ ಬೆಳೆಗಾರರಿಗೆ ಏನು ಸಿಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಅರೇಬಿಕಾ ಜಾತಿಯ ಕಾಫಿಗೆ ಬಿಸಿಲು ಜಾಸ್ತಿ ಬಿದ್ದರೆ ಬಿಳಿ ಕಾಂಡಕೊರಕ ಬರುತ್ತದೆ. ಈ ಹುಳದ ದುಂಬಿ ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ತೊಗಟೆ ಮೇಲೆ ಉಬ್ಬಿದ ಏಣು ಕಾಣುತ್ತದೆ, ಎಲೆ ಹಳದಿಯಾಗಿ ಜೋಲುತ್ತದೆ. ಅಷ್ಟು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗಿಡ ಕಿತ್ತು ಸುಡುವುದೊಂದೇ ದಾರಿ. ಹೊಸ ಗಿಡ ನೆಟ್ಟರೆ ಫಸಲಿಗೆ ಮತ್ತೆ ಮೂರ್ನಾಲ್ಕು ವರ್ಷ ಕಾಯಬೇಕು. ಮೇಲಿನ ಒಂದು ದೊಡ್ಡ ಮರ ಉರುಳಿಸಿದರೆ ಅದರಡಿಯ ಅರೇಬಿಕಾಗೆ ಆಗುವ ಹಾನಿಯನ್ನು ಮರದ ವ್ಯಾಪಾರಿ ಕೊಡುವ ದುಡ್ಡಿನಲ್ಲಿ ಕಳೆದು ನೋಡಿದವರು ಕಡಿಮೆ.

ಇನ್ನು ಮಣ್ಣು. ಮಳೆಗಾಲದಲ್ಲಿ ಹಳೆಯ ತೋಟದೊಳಗೆ ಹೋಗಿ ನೆಲದ ಮೇಲಿನ ತರಗೆಲೆ ಸರಿಸಿ ನೋಡಿ. ಮೇಲೆ ಈ ವರ್ಷದ ಎಲೆ, ಅದರ ಕೆಳಗೆ ಅರ್ಧ ಕೊಳೆತದ್ದು, ಅದರಡಿ ಬಿಳಿ ಬೂಸ್ಟಿನ ಎಳೆ ಹಬ್ಬಿದ ಕಪ್ಪು ಮಣ್ಣು. ಬೆರಳು ಸಲೀಸಾಗಿ ಇಳಿಯುತ್ತದೆ. ಈ ಮಣ್ಣು ಮಳೆ ನೀರು ಕುಡಿಯುತ್ತದೆ. ಬೋಳು ಇಳಿಜಾರಿನ ಮೇಲೆ ಅದೇ ಮಳೆ ಬಿದ್ದರೆ ಕೆಂಪು ನೀರಾಗಿ ತೋಡಿಗೆ ಹೋಗುತ್ತದೆ, ಹಾಕಿದ ಗೊಬ್ಬರವನ್ನೂ ಕರೆದುಕೊಂಡು.

ಕಾಫಿಯ ಇನ್ನೊಂದು ಜಾತಿ ರೊಬಸ್ಟಾ ಬೆಳೆಯುವವರು ನೆರಳು ಕಡಿಮೆ ಸಾಕು ಅನ್ನುತ್ತಾರೆ, ನಿಜ. ಆದರೆ ಅವರಿಗೆ ಮರ ಬೇರೆ ಕಾರಣಕ್ಕೆ ಬೇಕು. ರೊಬಸ್ಟಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬರಬೇಕು. ಹೂ ಅರಳಿಸುವ ಬೇಸಿಗೆಯ ಮಳೆ, ಅಂದರೆ ಹೂ ಮಳೆ, ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಒಂದೆರಡು ದಿನದಲ್ಲಿ ಹೂವು ಬಾಡುತ್ತದೆ. ಅಷ್ಟರೊಳಗೆ ಪರಾಗ ಸಾಗಿಸಬೇಕು. ಗಾಳಿಯೂ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಹೆಜ್ಜೇನು, ತುಡುವೆ ಬಂದ ತೋಟದಲ್ಲಿ ಕಾಯಿ ಕಚ್ಚುವುದು ಜಾಸ್ತಿ ಅನ್ನುವುದು ಕೊಡಗಿನ ತೋಟಗಳಲ್ಲೇ ನಡೆದ ಅಧ್ಯಯನಗಳಲ್ಲಿ ಕಂಡಿದೆ. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವ ಜಾತಿಯಲ್ಲ. ಅದಕ್ಕೆ ಎತ್ತರದ, ಅಗಲ ಕೊಂಬೆಯ ಮರ ಬೇಕು. ಒಂದೇ ಮರದಲ್ಲಿ ಹತ್ತಾರು ಗೂಡು ಕಟ್ಟುವುದೂ ಉಂಟು. ಆ ಮರ ಒಬ್ಬರ ತೋಟದ್ದು, ಜೇನು ದುಡಿಯುವುದು ಸುತ್ತಲಿನ ಎಲ್ಲರ ತೋಟಕ್ಕೆ. ಮರ ಕಡಿದವರಿಗೆ ದುಡ್ಡು ಸಿಗುತ್ತದೆ, ನಷ್ಟ ಮಾತ್ರ ಊರಿಗೆಲ್ಲ ಹಂಚಿಹೋಗುತ್ತದೆ.

ಇಷ್ಟೆಲ್ಲ ಲಾಭ ಇದ್ದೂ ತೋಟದಲ್ಲಿ ನಾಡ ಮರ ಕಡಿಮೆಯಾಗಿ ಸಿಲ್ವರ್ ಓಕ್ ಯಾಕೆ ಹೆಚ್ಚುತ್ತಿದೆ? ‘ಬೆಳೆಗಾರರಿಗೆ ಅರಿವಿಲ್ಲ, ದುರಾಸೆ’ ಅನ್ನುವ ಉತ್ತರ ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಬೆಳೆಗಾರರಿಗೆ ತಮ್ಮ ತೋಟದ ಪ್ರತಿ ಮರದ ಗುಣ ಗೊತ್ತು. ಯಾವುದರ ಎಲೆ ಬೇಗ ಕರಗುತ್ತದೆ, ಯಾವುದರ ಹನಿ ಕಾಫಿಗೆ ಆಗದು, ಯಾವುದರ ತೊಗಟೆಗೆ ಬಳ್ಳಿ ಚೆನ್ನಾಗಿ ಕಚ್ಚುತ್ತದೆ, ಎಲ್ಲ ಹೇಳುತ್ತಾರೆ. ಆಮೇಲೆ ಹೋಗಿ ಸಿಲ್ವರ್ ನೆಡುತ್ತಾರೆ.

ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಸಿಲ್ವರ್ ನೆಟ್ರೆ ಕಷ್ಟಕ್ಕೆ ಕಡಿದು ಮಾರಬಹುದು ಮಾರಾಯ್ರೆ. ನಂದಿ ನೆಟ್ರೆ ಮೊಮ್ಮಗನೂ ಆಫೀಸಿಗೆ ಅಲೀಬೇಕು."

ಈ ಮಾತಿನ ಹಿಂದೆ ಎರಡು ಕಾನೂನಿನ ಗಂಟಿದೆ. ಮೊದಲನೆಯದು ಇಡೀ ರಾಜ್ಯದ್ದು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮದೇ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಆ ವಿನಾಯಿತಿ ಪಟ್ಟಿಯಲ್ಲಿದೆ. ಇಲ್ಲೇ ಹುಟ್ಟಿದ ನಂದಿ, ಮತ್ತಿ, ಹೊನ್ನೆಗೆ ಆ ಭಾಗ್ಯವಿಲ್ಲ.

ಎರಡನೆಯದು ಕೊಡಗಿನದ್ದೇ ವಿಶೇಷ. ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ, ಒಳಗಿನವರೂ ವಕೀಲರ ಹತ್ತಿರ ಹೋಗಿಯೇ ಕಲಿಯುವುದು. ಹಿಂದೆ ಇಲ್ಲಿ ಭತ್ತದ ಗದ್ದೆ ಹಿಡಿದವರಿಗೆ ಅದರ ಜೊತೆಗೆ ಸ್ವಲ್ಪ ಕಾಡು ಜಾಗವನ್ನೂ ಬಿಟ್ಟುಕೊಡುತ್ತಿದ್ದರು. ಅದೇ ಬಾಣೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಮನೆಗೂ ನೇಗಿಲಿಗೂ ಬೇಕಾದ ಮರ ಅಲ್ಲಿಂದ. ಕಂದಾಯ ಇಲ್ಲ. ಬಳಸಬಹುದು, ಆದರೆ ಮರ ಮಾರುವ ಹಾಗಿಲ್ಲ. ಗದ್ದೆ ಬಾಳಬೇಕಾದರೆ ಮೇಲಿನ ಕಾಡು ಬೇಕು ಅನ್ನುವ ತಿಳಿವಳಿಕೆ ಈ ಏರ್ಪಾಟಿನಲ್ಲೇ ಇತ್ತು. ಯಾರೂ ಅದಕ್ಕೆ ಪರಿಸರ ಸಂರಕ್ಷಣೆ ಅನ್ನುವ ದೊಡ್ಡ ಹೆಸರು ಇಟ್ಟಿರಲಿಲ್ಲ ಅಷ್ಟೇ.

ಆಮೇಲೆ ಬಾಣೆಗೆ ಕಾಫಿ ಬಂತು. ಕಾಫಿ ಹಾಕಿದ ಬಾಣೆಗೆ ಕಂದಾಯ ಬಿತ್ತು. ಜಮೀನು ಒಕ್ಕದ್ದು (ಕೊಡವರ ಕೂಡುಕುಟುಂಬದ್ದು), ಕಾಫಿ ಒಕ್ಕದ್ದು, ಮೇಲಿನ ಮರ? ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ಆ ಜಮೀನು ‘ರಿಡೀಮ್ಡ್’, ಮರ ಹಿಡುವಳಿದಾರರದ್ದು. ಕಟ್ಟಿಲ್ಲದಿದ್ದರೆ ‘ಅನ್‌ರಿಡೀಮ್ಡ್’, ಮರದ ಮೇಲೆ ಹಕ್ಕು ಸರ್ಕಾರದ್ದು. ಅಕ್ಕಪಕ್ಕದ ಎರಡು ತೋಟ. ಒಂದೇ ಮಣ್ಣು, ಒಂದೇ ಮಳೆ. ಒಂದರ ಮತ್ತಿ ಮರ ಆ ಮನೆಯ ಆಸ್ತಿ, ಇನ್ನೊಂದರದ್ದು ಸರ್ಕಾರಕ್ಕಾಗಿ ಕಾದುಕೊಡುವ ಹೊರೆ.

ಈಗ ಅನ್‌ರಿಡೀಮ್ಡ್ ಜಾಗದಲ್ಲಿ ಐದು ಎಕರೆ ಇರುವವರ ಜಾಗದಲ್ಲಿ ನಿಂತು ಯೋಚಿಸಿ. ತೋಟದಲ್ಲಿ ಒಂದು ಹೊನ್ನೆ ಸಸಿ ತಾನಾಗಿ ಹುಟ್ಟಿದೆ. ಬಿಟ್ಟರೆ ಮೂವತ್ತು, ನಲವತ್ತು ವರ್ಷಕ್ಕೆ ದೊಡ್ಡ ಮರ. ಅಷ್ಟೂ ವರ್ಷ ಅದಕ್ಕೆ ಮರಗಸಿ (ಕೊಂಬೆ ಸವರುವ ಕೆಲಸ) ಮಾಡಿಸಬೇಕು, ಅದರ ಕೊಂಬೆ ಮುರಿದು ಕಾಫಿ ಮೇಲೆ ಬಿದ್ದರೆ ತಡೆದುಕೊಳ್ಳಬೇಕು. ಕೊನೆಗೆ ಮರ ತಮ್ಮದಲ್ಲ. ಕಳೆ ಹೊಡೆಯುವಾಗ ಕತ್ತಿ ಸ್ವಲ್ಪ ಆಚೆ ಈಚೆ ಆದರೆ ಕೇಳುವವರಿಲ್ಲ. ದೊಡ್ಡ ಮರ ಕಡಿದರೆ ಕೇಸಾಗುತ್ತದೆ, ಸಸಿ ಸವರಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಹೀಗೆ ಹಳೆ ಮರ ಸಾಯುತ್ತಾ ಬರುತ್ತದೆ, ಅದರ ಜಾಗಕ್ಕೆ ನಾಡ ಸಸಿ ಬರುವುದಿಲ್ಲ, ಸಿಲ್ವರ್ ಬರುತ್ತದೆ. ಮರ ಉಳಿಸಲೆಂದು ಮಾಡಿದ ನಿಯಮವೇ ಮುಂದಿನ ತಲೆಮಾರಿನ ಮರವನ್ನು ಸಸಿಯಲ್ಲೇ ಮುಗಿಸುತ್ತಿದೆ.

ಸಿಲ್ವರ್ ಬಗ್ಗೆ ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಅದು ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ. ಒಂಟಿ ಬಿದಿರಿನ ಏಣಿ ಆನಿಸಿ ಮೆಣಸು ಕೊಯ್ಯಲು ಸಲೀಸು. ಮರಗಸಿ ಮಾಡಬಲ್ಲವರು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಜೊತೆಗೆ ಆನೆ ಕಾಟ. ಹಲಸಿನ ವಾಸನೆಗೆ ತೋಟಕ್ಕೆ ಆನೆ ಬರುತ್ತದೆ, ಬೆಳಿಗ್ಗೆ ಕೆಲಸಕ್ಕೆ ಬಂದ ಕಾರ್ಮಿಕರ ಜೀವಕ್ಕೇ ಅಪಾಯ. ಹಾಗಾಗಿ ಹಲಸಿನ ಕಾಯಿ ಎಳೆಯದಾಗಿರುವಾಗಲೇ ಕಿತ್ತು ಹಾಕುವವರಿದ್ದಾರೆ, ಮರವನ್ನೇ ತೆಗೆಸಿದವರೂ ಇದ್ದಾರೆ. ದೂರದಲ್ಲಿ ಕೂತು ಅವರಿಗೆ ಬುದ್ಧಿ ಹೇಳುವುದು ಸುಲಭ.

ಹಕ್ಕು ಬದಲಾದರೆ ಜನರ ನಡೆ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಗಂಧದ ಮರದ ಉದಾಹರಣೆ ಇದೆ. ಗಂಧ ಯಾರ ಜಮೀನಲ್ಲಿ ಹುಟ್ಟಿದರೂ ಸರ್ಕಾರದ್ದು ಅಂತಿದ್ದ ಕಾಲದಲ್ಲಿ ಮನೆ ಹತ್ತಿರ ಗಂಧದ ಸಸಿ ಕಂಡರೆ ಜನ ಹೆದರುತ್ತಿದ್ದರು. 2001ರಲ್ಲಿ ಕಾನೂನು ಬದಲಾಗಿ ಮರ ಜಮೀನಿನವರದ್ದೇ ಆಯಿತು. ಆಮೇಲೆ ರೈತರೇ ದುಡ್ಡು ಕೊಟ್ಟು ಸಸಿ ತಂದು ನೆಡತೊಡಗಿದರು. ಕಳ್ಳರ ಕಾಟ ತಪ್ಪಲಿಲ್ಲ, ಮಾರುವಾಗಿನ ಕಟ್ಟುಪಾಡೂ ಪೂರ್ತಿ ಹೋಗಲಿಲ್ಲ. ಆದರೂ ಸಸಿ ಕಿತ್ತುಹಾಕುವ ಕಾಲ ಮುಗಿಯಿತು.

ಕಾಫಿ ಬೆಲೆಯೂ ಈ ಕಥೆಯಲ್ಲಿ ಸೇರಿದೆ. ಹಿಂದೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಪದ್ಧತಿ ಹೋಗಿ, 1996ಕ್ಕೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಬೆಲೆ ಏರಿದಾಗ ಬಾಣೆಯ ಕಾಡು ಸವರಿ ಕಾಫಿ ಹಾಕಿದರು, 2000ದ ಆಸುಪಾಸಿನಲ್ಲಿ ಬೆಲೆ ಪಾತಾಳಕ್ಕೆ ಇಳಿದಾಗ ಸಾಲ ತೀರಿಸಲು ಮರ ಮಾರಿದರು. ಎರಡೂ ಸಲ ಹೋದದ್ದು ಮರವೇ. 1977ರಿಂದ 1997ರ ನಡುವೆ ಕೊಡಗಿನ ಕಾಡಿನ ಹೊದಿಕೆ ಸುಮಾರು ಶೇ. 28ರಷ್ಟು ಕಡಿಮೆಯಾಯಿತು ಅನ್ನುತ್ತದೆ ಉಪಗ್ರಹ ಚಿತ್ರಗಳ ಲೆಕ್ಕ. ಅದರಲ್ಲಿ ಹೆಚ್ಚು ಹೋದದ್ದು ಖಾಸಗಿ ಕಾಡು, ಅಂದರೆ ಬಾಣೆ. ಅದೇ ಅವಧಿಯಲ್ಲಿ ಕಾಫಿಯ ವಿಸ್ತೀರ್ಣ ಸರಿಸುಮಾರು ಇಮ್ಮಡಿಯಾಯಿತು. ಇತ್ತೀಚೆಗೆ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ನೆರಳು ಇನ್ನಷ್ಟು ತೆಗೆದರೆ ಇಳುವರಿ ಏರುತ್ತದೆ ಅನ್ನುವ ಲೆಕ್ಕಾಚಾರ ಮತ್ತೆ ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಎಲ್ಲ ಮರ ಖಾಸಗಿಯವರಿಗೆ ಬರೆದುಕೊಟ್ಟರೆ ಆಯ್ತಾ?’ ಅಂತ ನೀವು ಕೇಳಬಹುದು. ಇಲ್ಲ. ಯಾಕೆಂದರೆ ಕೊಡಗಿನಲ್ಲಿ ಅತಿ ಹೆಚ್ಚು ಕಾಲ ಉಳಿದ ಕಾಡು ಯಾರೊಬ್ಬರ ಹೆಸರಲ್ಲೂ ಇರಲಿಲ್ಲ. ಅದು ದೇವರದ್ದು.

ಕೊಡಗಿನಲ್ಲಿ ದಾಖಲೆಯಲ್ಲಿರುವ ದೇವರಕಾಡುಗಳು 1,214. ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಅಂದರೆ ಸುಮಾರು ಮೂರೂವರೆ ಚದರ ಕಿ.ಮೀ.ಗೆ ಒಂದು ದೇವರಕಾಡು. ಇಷ್ಟು ಒತ್ತಾಗಿ ದೇವರಕಾಡು ಇರುವ ಜಾಗ ಬೇರೆಡೆ ಸಿಗುವುದು ಅಪರೂಪ. ಅಯ್ಯಪ್ಪ, ಭಗವತಿ, ಮಹಾದೇವ, ಬಸವೇಶ್ವರ ಹೀಗೆ ಒಂದೊಂದಕ್ಕೆ ಒಂದೊಂದು ದೇವರು. ಅಯ್ಯಪ್ಪನ ಕಾಡಿಗೆ ಹೋದರೆ ಮರದ ಬುಡದಲ್ಲಿ ಮಣ್ಣಿನ ನಾಯಿಗಳ ರಾಶಿ ಕಾಣುತ್ತದೆ. ಬೇಟೆಯ ದೇವರಿಗೆ ಹರಕೆ ಒಪ್ಪಿಸಿದ್ದು. ಕಿವಿ ಮುರಿದವು, ಪಾಚಿ ಹಿಡಿದು ಹಸಿರಾದವು, ಪಕ್ಕದಲ್ಲೇ ಈ ವರ್ಷದ ಕೆಂಪು ಹೊಸವು. ದೇವರಪುರದ ಕುಂಡೆ ಹಬ್ಬದ ದಿನವಂತೂ ಸುತ್ತಲಿನ ಬುಡಕಟ್ಟು ಹಾಡಿಗಳ ಜನ ವೇಷ ಹಾಕಿ, ಕುಣಿದು, ದೇವರಿಗೇ ಮನಸಾರೆ ಬೈಯುತ್ತಾರೆ. ತಮ್ಮನ್ನು ಕಾಡಲ್ಲಿ ಬಿಟ್ಟು ಹೋದ ಅಂತ ಅಯ್ಯಪ್ಪನ ಮೇಲೆ ಸಿಟ್ಟು. ಬೈಯುವಷ್ಟು ಸಲಿಗೆ ಇರುವ ದೇವರ ಕಾಡಲ್ಲಿ ಒಂದು ಕೊಂಬೆ ಮುರಿಯಲು ಮಾತ್ರ ಕೈ ನಡುಗುತ್ತದೆ!

ಭಯಭಕ್ತಿ ಒಂದೇ ಇದನ್ನು ಕಾದದ್ದಲ್ಲ. ದೇವರಕಾಡಿಗೆ ಊರಿನ ಆಡಳಿತ ಇತ್ತು. ದೇವರ ಕೆಲಸ ನೋಡಿಕೊಳ್ಳುವ ಊರ ಮುಖ್ಯಸ್ಥರಾದ ತಕ್ಕರು ಇದ್ದರು, ಹಬ್ಬಕ್ಕೆ ಎಲ್ಲ ಒಕ್ಕದವರೂ, ಬೇರೆ ಬೇರೆ ಸಮುದಾಯದವರೂ ತಮ್ಮ ತಮ್ಮ ಪಾಲಿನ ಕೆಲಸ ಹೊತ್ತು ಸೇರಬೇಕಿತ್ತು. ಯಾರಾದರೂ ಮರಕ್ಕೆ ಕೈ ಹಾಕಿದರೆ ಊರ ಮುಂದೆ ಉತ್ತರ ಕೊಡಬೇಕಿತ್ತು. ಆ ಉಸ್ತುವಾರಿ ಸಡಿಲಾದಾಗ ಏನಾಯಿತು ಅಂತ ಅಂಕಿಯೇ ಹೇಳುತ್ತದೆ. 1905ರಲ್ಲಿ ಸುಮಾರು 15,500 ಎಕರೆ ಇದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಕಾಗದದಲ್ಲಿ ಅದು ಆ ಇಲಾಖೆಯಿಂದ ಈ ಇಲಾಖೆಗೆ ಓಡಾಡುತ್ತಿದ್ದಾಗ ನೆಲದ ಮೇಲೆ ಬೇಲಿ ಸದ್ದಿಲ್ಲದೆ ಒಳಸರಿಯಿತು. ಈಗ ಸರಾಸರಿ ನೋಡಿದರೆ ಒಂದೊಂದು ಐದು ಎಕರೆ ಚಿಲ್ಲರೆ. ಇಷ್ಟು ಸಣ್ಣ ತುಂಡಾದರೂ ತೋಟಗಳಿಂದ ಮಾಯವಾದ ಮರಗಳ ಬೀಜ ಸಿಗುವುದು ಇಂಥ ಜಾಗದಲ್ಲೇ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರು ಇವುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಅಂದರೆ ಖಾಸಗಿಯೋ ಸಾರ್ವಜನಿಕವೋ ಅನ್ನುವುದು ಮುಖ್ಯ ಪ್ರಶ್ನೆಯಲ್ಲ. ಕಾಯುವವರಿಗೆ ಅದರ ಮೇಲೆ ಹಕ್ಕೂ ಮಾತೂ ಇದೆಯಾ ಅನ್ನುವುದು ಮುಖ್ಯ.

ಈ ಅಳತೆಯಲ್ಲಿ ನೋಡಿದರೆ ಅತಿ ಹೆಚ್ಚು ಅನ್ಯಾಯ ಆದದ್ದು ಇಲ್ಲಿನ ಬುಡಕಟ್ಟುಗಳಾದ ಜೇನು ಕುರುಬರಿಗೆ, ಬೆಟ್ಟ ಕುರುಬರಿಗೆ, ಯರವರಿಗೆ. ಕಾಡಿನ ಜೇನು, ಸೀಗೆ, ಅಂಟುವಾಳ, ಗೆಡ್ಡೆಗೆಣಸು ಬಲ್ಲವರು ಅವರು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆದ ಮೇಲೆ ಅನೇಕರು ಹೊರಗೆ ಬಿದ್ದರು, ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆ) ಕೂಲಿಗಳಾದರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅವರ ಗುಡಿಸಲುಗಳನ್ನು ಕೆಡವಿದ್ದು ರಾಜ್ಯವೆಲ್ಲ ಸುದ್ದಿಯಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಅವರಿಗೆ ಒಡೆತನ ಕೊಡುತ್ತದೆ. ತಮ್ಮ ಸಮುದಾಯದ ಕಾಡನ್ನು ಕಾಯುವ ಹಕ್ಕನ್ನೂ ಕೊಡುತ್ತದೆ. ಜೀವನ ನಡೆಸುವುದು, ಕಾಡು ಕಾಯುವುದು ಎರಡನ್ನೂ ಒಂದೇ ಕಾಗದದಲ್ಲಿ ಬರೆದ ಅಪರೂಪದ ಕಾನೂನು ಇದು. ಕಾಗದದಿಂದ ಹಾಡಿಗೆ ಬರುವ ದಾರಿ ಮಾತ್ರ ಬಹಳ ಉದ್ದವಾಗಿದೆ. ಕೊಡಗಿನ ಹಸಿರಿನ ಬಗ್ಗೆ ಮಾತಾಡುವಾಗ ನಾವು ತೋಟದ ಮಾಲೀಕರ ಲಾಭನಷ್ಟಕ್ಕೇ ನಿಂತುಬಿಡುತ್ತೇವೆ. ಮರಗಸಿಗೆ ಮರ ಹತ್ತುವವರು ಯಾರು ಅಂತ ಕೇಳುವುದೇ ಇಲ್ಲ.

ಇನ್ನು ಆದಾಯ. ನೆರಳು ಉಳಿಸಿಕೊಂಡೇ ದುಡಿಯುವ ದಾರಿಗಳು ಹೊಸದೇನೂ ಅಲ್ಲ. ಮೆಣಸು ಎಲ್ಲರಿಗೂ ಗೊತ್ತು. ಕಾಫಿ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಅದೇ. ಒರಟು ತೊಗಟೆಯ ನಾಡ ಮರಕ್ಕೂ ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಕೊಯ್ಲಿಗೆ ಮಾತ್ರ ಸ್ವಲ್ಪ ಹೆಚ್ಚು ಕಷ್ಟ. ಜೇನಿಗಂತೂ ಇಲ್ಲಿ ಹಳೆಯ ಸಹಕಾರಿ ಪರಂಪರೆ ಇದೆ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಷ್ಟು ಹಳೆಯದು. ಭಾಗಮಂಡಲದಲ್ಲೂ ಜೇನು ಸಂಘ ಇತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಬರಿದು ಮಾಡಿತು. ಆ ಪೆಟ್ಟಿನಿಂದ ಹಲವರು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು. ಮತ್ತೆ ಇಳಿಸಿದವರಿಗೆ ಜೇನು ತುಪ್ಪಕ್ಕಿಂತ ಕಾಫಿ ಕಾಯಿ ಕಚ್ಚುವುದರಲ್ಲೇ ಲಾಭ ಹೆಚ್ಚು ಇರಬಹುದು.

ಹೊರಗಿನ ಮಾರುಕಟ್ಟೆಯೂ ಈಗ ಮರ ಎಣಿಸತೊಡಗಿದೆ. 2019ರಲ್ಲಿ ಕೊಡಗಿನ ಅರೇಬಿಕಾಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಪರಿಸರಕ್ಕೆ ಹಾನಿಯಾಗದಂತೆ ಬೆಳೆದದ್ದು ಅನ್ನುವ ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರ ಇದ್ದರೆ ಸ್ವಲ್ಪ ಹೆಚ್ಚು ಬೆಲೆ ಸಿಗಬಹುದು. ಆದರೆ ತಪಾಸಣೆಯ ಖರ್ಚು ಐದು ಎಕರೆಯವರಿಗೆ ಒಬ್ಬರೇ ಹೊರಲಾರದ್ದು, ಗುಂಪು ಕಟ್ಟಿಕೊಂಡೇ ಹೋಗಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮ ಇನ್ನೂ ಬಿಗಿ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಯಾವ ತೋಟದ್ದು ಅಂತ ನಕ್ಷೆ ಸಮೇತ ತೋರಿಸಬೇಕು. ಜಾರಿಯ ದಿನ ಮುಂದೆ ಹೋಗುತ್ತಲೇ ಇದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಯುರೋಪಿನಲ್ಲೇ ಇರುವುದರಿಂದ ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ತಮಾಷೆ ಏನೆಂದರೆ ಈ ನಿಯಮ ಕಾಡು ಕಡಿದವರನ್ನು ಹಿಡಿಯುತ್ತದೆ, ಆದರೆ ನಾಡ ಮರ ತೆಗೆದು ಸಿಲ್ವರ್ ನೆಟ್ಟ ತೋಟ ಅದರ ಕಣ್ಣಿಗೆ ಬೀಳುವುದಿಲ್ಲ.

ಮರದ ನೆರಳಿನ ಇನ್ನೊಬ್ಬ ದೊಡ್ಡ ಗಿರಾಕಿ ಈವರೆಗೆ ಬಿಲ್ಲೇ ಕಟ್ಟಿಲ್ಲ. ಕಾವೇರಿ ಹುಟ್ಟುವುದು ಇಲ್ಲಿ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದಿಂದ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ಹೋಗುತ್ತದೆ. ಆ ನೀರಿನ ಬಿಲ್ಲಿನಲ್ಲಿ ಪಂಪಿನ ಕರೆಂಟಿಗೆ ಲೆಕ್ಕ ಇದೆ, ಪೈಪಿಗೆ ಇದೆ. ಮಳೆ ನೀರನ್ನು ಮಣ್ಣಿಗೆ ಇಳಿಸಿ ಬೇಸಿಗೆಯಲ್ಲಿ ತೋಡಿಗೆ ಬಿಡುವ ಬಾಣೆಗೆ, ಬೀಳು ಬೀಳುತ್ತಿರುವ ಭತ್ತದ ಗದ್ದೆಗೆ ಒಂದು ಪೈಸೆ ಇಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೂ ಈ ಮಾತು ಸಭೆಗಳಲ್ಲಿ ಬಂದು ಅಲ್ಲೇ ಉಳಿಯಿತು.

ಸರ್ಕಾರ ದುಡ್ಡು ಕೊಡುವ ಒಂದು ಯೋಜನೆಯಂತೂ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತಂದು ನೆಟ್ಟು, ಅದು ಬದುಕಿದರೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಸಿಗುತ್ತದೆ. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು. ನನ್ನ ಪ್ರಕಾರ ಇದರಲ್ಲಿರುವ ಒಳ್ಳೆಯ ಅಂಶ ಅದೇ. ಮೊತ್ತ ಸಣ್ಣದು. ಅದಕ್ಕಿಂತ ದೊಡ್ಡ ಕೊರತೆ, ತಾನೇ ನೆಟ್ಟು ಬೆಳೆಸಿದ ನಾಡ ಮರವನ್ನು ಮುಂದೆ ತಾನೇ ಮಾರಬಹುದು ಅನ್ನುವ ಖಾತ್ರಿ ಬೆಳೆಗಾರರಿಗೆ ಇಲ್ಲದಿರುವುದು. ಹಳೆ ಕಾಡು ಮರಕ್ಕೆ ಬಿಗಿ ನಿಯಮ ಇರಲಿ. ನೆಟ್ಟ ಮರಕ್ಕೆ ಬೇರೆ ಲೆಕ್ಕ ಬೇಕು.

ಅಲ್ಲಿಯವರೆಗೆ ನಾಡ ಸಸಿ ನೆಡುವ ಮನಸ್ಸಿರುವವರು ಮಾಡಬಹುದಾದ ಕೆಲಸ ಒಂದಿದೆ. ನೆಡುವ ಮೊದಲು ಜಮಾಬಂದಿ, ಪಹಣಿ ತೆಗೆಸಿ ಜಾಗ ರಿಡೀಮ್ಡ್ ಹೌದೋ ಅಲ್ಲವೋ ನೋಡಿಕೊಳ್ಳಿ. ನರ್ಸರಿಯ ರಸೀದಿ ಇಟ್ಟುಕೊಳ್ಳಿ, ಯಾವ ಜಾತಿ, ಎಷ್ಟು, ಯಾವ ವರ್ಷ, ತೋಟದ ಯಾವ ಮೂಲೆ ಅಂತ ಬರೆದಿಡಿ, ವರ್ಷಕ್ಕೊಂದು ಫೋಟೊ ತೆಗೆಯಿರಿ. ಮೂವತ್ತು ವರ್ಷದ ಮೇಲೆ ‘ಇದು ತಾನಾಗಿ ಹುಟ್ಟಿದ್ದೋ, ನೆಟ್ಟದ್ದೋ?’ ಅಂತ ಆಫೀಸಿನಲ್ಲಿ ಕೇಳಿದಾಗ ಮಕ್ಕಳ ಕೈಯಲ್ಲಿ ತೋರಿಸಲು ಒಂದು ಕಾಗದ ಇರುತ್ತದೆ.